ಕೊಲೊರಾಡೊ, ಇಂಡಿಯಾನಾ, ವಿಲೋ: ಸ್ಪಿನ್ನರ್‌ಬೈಟಿನ ಮೂರು ಬ್ಲೇಡುಗಳು ಮತ್ತು ಅವುಗಳ ಬಾಳಿಕೆ

ಬಾಸ್ ಮೀನಿಗಾಗಿ ಸ್ಪಿನ್ನರ್‌ಬೈಟ್ ಎಂಬ ಕೃತಕ ಎರೆ ಎಸೆಯುವವರ ನಡುವೆ ಬ್ಲೇಡಿನ ಆಕಾರದ ಬಗ್ಗೆ ನಡೆಯುವಷ್ಟು ಚರ್ಚೆ ಅದರ ಬಾಳಿಕೆಯ ಬಗ್ಗೆ ನಡೆಯುವುದಿಲ್ಲ. ಡಲ್ಲಾಸ್ ಬಳಿ ನೆಲೆಸಿರುವ ನಾನು ಪೂರ್ವ ಟೆಕ್ಸಾಸಿನ ಲೇಕ್ ಫೋರ್ಕ್ ಜಲಾಶಯದಲ್ಲಿ ಮೂರೂ ಆಕಾರಗಳನ್ನು ಬೇರೆ ಬೇರೆ ಋತುಗಳಲ್ಲಿ ಬಳಸಿ ನೋಡಿದ್ದೇನೆ. ಆಕಾರ ಮತ್ತು ಬಾಳಿಕೆಯನ್ನು ಬೇರ್ಪಡಿಸಲಾಗದು, ಆರಿಸಿಕೊಂಡ ಆಕಾರವೇ ಎರೆಯ ಯಾವ ಭಾಗ ಮೊದಲು ಕೈಕೊಡುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ ಎಂಬುದು ನನ್ನ ಅನುಭವ.

ಈ ಕೃತಕ ಎರೆಯನ್ನು ಕಾಣದವರಿಗಾಗಿ ಒಂದು ಮಾತು. ಬಿಚ್ಚಿದ ಸೇಫ್ಟಿ ಪಿನ್ನಿನಂತೆ ಬಾಗಿಸಿದ ಉಕ್ಕಿನ ತಂತಿಯ ಕೆಳತೋಳಿನಲ್ಲಿ ಸೀಸದ ತಲೆ, ಗಾಳದ ಕೊಕ್ಕೆ ಮತ್ತು ರಬ್ಬರ್ ಎಳೆಗಳ ಸ್ಕರ್ಟ್ ಇರುತ್ತವೆ. ಮೇಲ್ತೋಳಿನ ತುದಿಯಲ್ಲಿ ಸ್ವಿವೆಲ್ಲಿಗೆ, ಅಂದರೆ ಸುತ್ತಲು ಬಿಡುವ ಕೊಂಡಿಗೆ, ಸಿಕ್ಕಿಸಿದ ಲೋಹದ ಬ್ಲೇಡು, ಎಳೆದಂತೆಲ್ಲ ನೀರಿನಲ್ಲಿ ತಿರುಗುತ್ತದೆ. ಬ್ಲೇಡನ್ನು ಹಿಡಿದಿರುವ ಸಣ್ಣ ಸ್ಪ್ಲಿಟ್ ರಿಂಗನ್ನು ಇಕ್ಕಳದಿಂದ ಅಗಲಿಸಿದರೆ ಅದನ್ನು ಬದಲಿಸಬಹುದಾದ್ದರಿಂದ, 3/8 ಔನ್ಸಿನ ತಲೆ, 0.040 ಇಂಚು ದಪ್ಪದ ತಂತಿ, ರಾಡು, ರೀಲು, ದಾರ ಇವೆಲ್ಲವನ್ನೂ ಹಾಗೆಯೇ ಉಳಿಸಿಕೊಂಡು ಬ್ಲೇಡನ್ನು ಮಾತ್ರ ಬದಲಿಸುತ್ತಾ ಬಂದೆ. ಗಮನಿಸಬೇಕಾದದ್ದೆಂದರೆ, ಬ್ಲೇಡಿನ ಮೇಲಿನ ಸಂಖ್ಯೆಗಳು ಆಯಾ ಆಕಾರದೊಳಗೆ ಮಾತ್ರ ಅರ್ಥವುಳ್ಳವು; ನಾಲ್ಕನೇ ಸಂಖ್ಯೆಯ ಕೊಲೊರಾಡೊ ಮತ್ತು ನಾಲ್ಕನೇ ಸಂಖ್ಯೆಯ ವಿಲೋ ಅಳತೆಯಲ್ಲಿ ಒಂದೇ ಅಲ್ಲ.

1980ರಲ್ಲಿ ನೀರು ತುಂಬಿಸಲಾದ ಲೇಕ್ ಫೋರ್ಕಿನಲ್ಲಿ ಸಾಕಷ್ಟು ಮರಗಳನ್ನು ಕಡಿಯದೆ ಬಿಟ್ಟಿದ್ದರಿಂದ ಮುಳುಗಿದ ಬೊಡ್ಡೆಗಳಿಗೆ ಕೊರತೆಯಿಲ್ಲ. 1992ರ ಜನವರಿಯಲ್ಲಿ ಸಿಕ್ಕ 18.18 ಪೌಂಡಿನ ಲಾರ್ಜ್‌ಮೌತ್ ಬಾಸ್, ಅಂದರೆ ಟೆಕ್ಸಾಸ್ ರಾಜ್ಯದ ದಾಖಲೆಯ ಮೀನು, ಇಲ್ಲಿಯದೇ. ನಮ್ಮ ಪ್ರೌಢಶಾಲೆಗಳಲ್ಲಿ ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆಂದು ಬೀಕರಿನಲ್ಲಿ ಮುಳುಗಿಸಿಡುತ್ತಿದ್ದ ಹೈಡ್ರಿಲ್ಲಾ ಗಿಡವೂ ಇಲ್ಲಿ ಬೆಳೆಯುತ್ತದೆ. ಅಮೆರಿಕಕ್ಕೆ ಅದು ಹೊರಗಿನಿಂದ ಬಂದ ಕಳೆ. ಮರದ ಬೊಡ್ಡೆ ಮತ್ತು ನೀರಕಳೆ, ಈ ಎರಡೂ ಇರುವ ಜಾಗ ಬ್ಲೇಡುಗಳನ್ನು ಒರೆಗೆ ಹಚ್ಚಲು ತಕ್ಕುದಾಗಿದೆ.

ಕೊಲೊರಾಡೊ ಬ್ಲೇಡು ಹೆಚ್ಚುಕಡಿಮೆ ದುಂಡಗಿದ್ದು ನಡುವೆ ಆಳವಾಗಿ ತಗ್ಗಾಗಿರುತ್ತದೆ. ತಂತಿಯಿಂದ ದೂರಕ್ಕೆ ಹರಡಿಕೊಂಡು ತಿರುಗುವುದರಿಂದ ಅದು ನೀರನ್ನು ಬಲವಾಗಿ ತಳ್ಳುತ್ತದೆ, ಅದರ ಬಡಿತ ರಾಡಿನ ಹಿಡಿಕೆಯವರೆಗೂ ಬಂದು ಅಂಗೈಗೆ ತಿಳಿಯುತ್ತದೆ. ಬಾಸ್ ಮೀನು ತನ್ನ ಪಾರ್ಶ್ವರೇಖೆಯ, ಅಂದರೆ ಮೈಯ ಪಕ್ಕದಲ್ಲಿರುವ ಸಂವೇದನಾ ಸಾಲಿನ, ಮೂಲಕ ನೀರಿನ ಇಂಥ ನಿಧಾನ ಕಂಪನವನ್ನು ಗ್ರಹಿಸುತ್ತದೆಯಾದ್ದರಿಂದ, ಮಳೆಯ ನಂತರ ಕೆಂಪಾದ ನೀರಿನಲ್ಲಿ, ರಾತ್ರಿಯ ಹೊತ್ತಿನಲ್ಲಿ, ಅಥವಾ ನೀರಿನ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿಗೆ ಇಳಿದು ಮೀನು ಮಂಕಾಗಿರುವಾಗ ನಾನು ಬೇರೆ ಬ್ಲೇಡಿನತ್ತ ನೋಡುವುದಿಲ್ಲ. ನೀರಿನ ಒತ್ತಡ ಈ ಬ್ಲೇಡನ್ನು ಮೇಲಕ್ಕೆತ್ತುವುದರಿಂದ ಎರೆಯನ್ನು ಬಹಳ ನಿಧಾನವಾಗಿ ಎಳೆಯಬಹುದು. ಬೊಡ್ಡೆಯ ಪಕ್ಕದಲ್ಲಿ ಎಳೆತ ನಿಲ್ಲಿಸಿ ಕೆಳಗೆ ಬಿಟ್ಟರೆ ಇಳಿಯುವಾಗಲೂ ತಿರುಗುತ್ತಲೇ ಇರುತ್ತದೆ, ಅನೇಕ ಸಲ ಮೀನು ಕಚ್ಚುವುದು ಆ ಇಳಿತದಲ್ಲಿಯೇ. ಆದರೆ ವೇಗವಾಗಿ ಎಳೆದರೆ ಎರೆ ಮೇಲೆದ್ದು ಬರುತ್ತದೆ, ಹೈಡ್ರಿಲ್ಲಾದ ಎಳೆಗಳನ್ನಂತೂ ಬ್ಲೇಡು ಬಳಸಿಕೊಂಡು ನಿಂತೇಬಿಡುತ್ತದೆ.

ವಿಲೋ ಬ್ಲೇಡಿನ ಗುಣ ಇದಕ್ಕೆ ತದ್ವಿರುದ್ಧ. ಉದ್ದವಾಗಿ, ಕಿರಿದಾಗಿ, ಎರಡೂ ತುದಿ ಚೂಪಾಗಿರುವ ಅದು ತಂತಿಗೆ ಹತ್ತಿರದಲ್ಲಿಯೇ ಚುರುಕಾಗಿ ಸುತ್ತುತ್ತದೆ. ಕಂಪನ ಕಡಿಮೆ, ಹೊಳಪು ಹೆಚ್ಚು. ತಿಳಿನೀರಿನಲ್ಲಿ, ಶರತ್ಕಾಲದಲ್ಲಿ ಬಾಸ್‌ಗಳು ಶ್ಯಾಡ್ ಎಂಬ ಮೀನಿನ ಮರಿಗಳನ್ನು ಬೆನ್ನಟ್ಟಿಕೊಂಡು ಕೊಲ್ಲಿಗಳ ಒಳಗೆ ಬರುವಾಗ, ಬೆಳ್ಳಿಬಣ್ಣದ ವಿಲೋ ಆ ಮರಿಮೀನುಗಳ ಮಿನುಗನ್ನು ಮಿಕ್ಕ ಬ್ಲೇಡುಗಳಿಗಿಂತ ಚೆನ್ನಾಗಿ ಅನುಕರಿಸುತ್ತದೆ. ಕಳೆಯ ನಡುವೆ ನುಸುಳಿ ಬರುವುದರಲ್ಲಿಯೂ ಅದರದೇ ಮೇಲುಗೈ. ತೀರ ನಿಧಾನವಾಗಿ ಎಳೆಯಬೇಕಾದಾಗ ಮಾತ್ರ ಅದು ಸೋಲುತ್ತದೆ, ತಿರುಗಲು ತಡಮಾಡುತ್ತದೆ.

ಇಂಡಿಯಾನಾ ಹನಿಯಾಕಾರದ್ದು, ಗುಣದಲ್ಲಿಯೂ ಇವೆರಡರ ನಡುವಿನದು. ಅದು ಕೆಟ್ಟ ಬ್ಲೇಡು ಎಂದು ಹೇಳಲಾರೆ, ಆದರೆ ಅದಿಲ್ಲದೆ ಆಗುವುದೇ ಇಲ್ಲ ಎನಿಸಿದ ದಿನವೂ ಬಂದಿಲ್ಲ. ನಡುವಿನ ಗುಣವೇ ಬೇಕಾದಾಗ ಮುಂದೆ ಚಿಕ್ಕ ಕೊಲೊರಾಡೊ, ಹಿಂದೆ ದೊಡ್ಡ ವಿಲೋ ಇರುವ ಜೋಡಿ ಬ್ಲೇಡಿನ ಎರೆಯನ್ನೇ ನಾನು ಕಟ್ಟುತ್ತೇನೆ. ಅಂಗಡಿಗಳಲ್ಲಿಯೂ ಈ ಜೋಡಣೆ ಧಾರಾಳವಾಗಿ ಸಿಗುತ್ತದೆ.

ಇನ್ನು ಬಾಳಿಕೆ. ಕೊಲೊರಾಡೊ ಬ್ಲೇಡು ತಾನು ಕೆಡುವುದು ಅಪರೂಪ: ದುಂಡಗಿನ, ತಗ್ಗಾದ ಆಕಾರಕ್ಕೆ ಸಹಜವಾಗಿಯೇ ಬಿಗಿ ಇರುವುದರಿಂದ ಬೊಡ್ಡೆಗೆ ಬಡಿದರೂ ಬಾಗುವುದಿಲ್ಲ. ಆದರೆ ಅದರ ಒಂದೊಂದು ಬಡಿತವೂ ತಂತಿಯ ಮೇಲ್ತೋಳನ್ನು ಅಲುಗಿಸುತ್ತಲೇ ಇರುತ್ತದೆ. ಜೊತೆಗೆ, ಮೀನು ಕಚ್ಚಿ ಎಳೆದಾಡಿದ ಮೇಲೆ ಸೊಟ್ಟಗಾದ ತಂತಿಯನ್ನು ನಾವು ಕೈಯಿಂದಲೇ ನೆಟ್ಟಗೆ ಮಾಡುತ್ತೇವೆ, ಮತ್ತೆ ಮತ್ತೆ ಹೀಗೆ ಮಾಡಿದಾಗ ದಾರ ಕಟ್ಟುವ ಬಾಗಿನ ಹತ್ತಿರ ಲೋಹ ದಣಿದು ಒಂದು ದಿನ ತುಂಡಾಗುತ್ತದೆ. ನನ್ನ ಬಳಿ ಮುರಿದ ತಂತಿಗಳಲ್ಲಿ ಹೆಚ್ಚಿನವು ಕೊಲೊರಾಡೊ ಹೊತ್ತವು. ತೆಳು ತಂತಿ ಕಂಪನವನ್ನು ಚೆನ್ನಾಗಿ ದಾಟಿಸುತ್ತದೆ ಎಂಬುದು ನಿಜ, ಆದರೂ ಬೊಡ್ಡೆಗಳ ನಡುವೆ ದೊಡ್ಡ ಕೊಲೊರಾಡೊ ಬಳಸುವವರು ದಪ್ಪ ತಂತಿಯನ್ನೇ ಆರಿಸುವುದು ಮೇಲು. ಟರ್ಮಿನೇಟರ್ ಹೆಸರಿನಲ್ಲಿ ಬರುವ ಟೈಟಾನಿಯಂ ತಂತಿಯ ಎರೆಗಳು ಬಾಗಿದರೂ ತಾವಾಗಿಯೇ ಮೊದಲಿನ ರೂಪಕ್ಕೆ ಮರಳುವುದರಿಂದ, ಬೆಲೆ ಹೆಚ್ಚಾದರೂ ಈ ಬ್ಲೇಡಿನ ಜೊತೆ ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತವೆ. ವಿಲೋ ಒಂದನ್ನೇ ಬಳಸುವವರಿಗೆ ಆ ಖರ್ಚು ಅನಗತ್ಯ ಎನ್ನುವುದು ನನ್ನ ಅಭಿಪ್ರಾಯ.

ಏಕೆಂದರೆ ವಿಲೋ ತಂತಿಯನ್ನು ಉಳಿಸಿ ತಾನು ಕೆಡುತ್ತದೆ. ಉದ್ದವಾದ ತೆಳು ತಗಡು ಮರಕ್ಕೋ ದೋಣಿಯ ಅಂಚಿಗೋ ಬಡಿದಾಗ ತುದಿ ಸ್ವಲ್ಪವೇ ಮಡಚಿಕೊಂಡರೂ ಸಾಕು, ವೇಗವಾಗಿ ಎಳೆದಾಗ ಸರಿಯಾಗಿಯೇ ತಿರುಗುವ ಬ್ಲೇಡು ನಿಧಾನದ ಎಳೆತದಲ್ಲಿ ಸುತ್ತುವ ಬದಲು ಓಲಾಡತೊಡಗುತ್ತದೆ. ಬೆರಳಿನಿಂದ ಒತ್ತಿ ಸರಿಪಡಿಸಿದರೆ ಮೊದಲಿನ ತಗ್ಗು ಪೂರ್ತಿ ಮರಳಿ ಬರುವುದಿಲ್ಲ. ಆದ್ದರಿಂದ ಬಿಡಿ ವಿಲೋ ಬ್ಲೇಡುಗಳನ್ನು ಪೊಟ್ಟಣದಲ್ಲಿಟ್ಟುಕೊಳ್ಳುವುದೇ ಅಗ್ಗದ ದಾರಿ.

ಸ್ವಿವೆಲ್ಲಿನ ವಿಷಯದಲ್ಲಿ ಮೂರೂ ಬ್ಲೇಡುಗಳಿಗೆ ಒಂದೇ ಮಾತು ಸಲ್ಲುತ್ತದೆ: ಬಾಲ್ ಬೇರಿಂಗ್ ಇರುವುದನ್ನೇ ಕೊಳ್ಳಬೇಕು. ಎರೆಯನ್ನು ಎತ್ತಿ ಹಿಡಿದು ಬ್ಲೇಡಿನ ಮೇಲೆ ಬಾಯಿಂದ ಮೆಲ್ಲಗೆ ಊದಿದಾಗ ಒಳ್ಳೆಯ ಬೇರಿಂಗ್ ಇದ್ದರೆ ಅದು ಸಲೀಸಾಗಿ ಸುತ್ತುತ್ತದೆ. ಮರಳು ಸೇರಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಅರ್ಧ ಸುತ್ತಿಗೇ ತಡೆಯುತ್ತದೆ. ಇಳಿಯುವಾಗಲೂ ತಿರುಗಬೇಕಾದ ಕೊಲೊರಾಡೊಗೆ ಈ ದೋಷ ಬೇಗ ತಟ್ಟುತ್ತದೆ.

ಲೇಪದ ಬಗ್ಗೆ ಕೊಳ್ಳುವಾಗಲೇ ನೋಡಬೇಕು. ಹಿತ್ತಾಳೆಯ ತಗಡಿನ ಬ್ಲೇಡಿನಲ್ಲಿ ಲೇಪ ಗೀಚಿಹೋದರೂ ಕೆಂಪು ತುಕ್ಕು ಬರುವುದಿಲ್ಲ, ಉಕ್ಕಿನದರಲ್ಲಿ ಗೀಚಿದ ಗೆರೆಯಿಂದಲೇ ತುಕ್ಕು ಶುರುವಾಗುತ್ತದೆ. ಅಯಸ್ಕಾಂತವೊಂದು ಬಲವಾಗಿ ಅಂಟಿಕೊಂಡರೆ ಅದು ಉಕ್ಕು ಎಂದು ತಿಳಿಯಬಹುದು. ನಾನು ಅಗ್ಗದ ಬೆಲೆಗೆ ಕೊಂಡ ಒಂದು ಸೆಟ್ಟಿನ ಬ್ಲೇಡುಗಳು ಒದ್ದೆ ಸ್ಕರ್ಟಿನೊಂದಿಗೆ ಡಬ್ಬಿಯಲ್ಲಿ ಉಳಿದು ಒಂದೇ ಬೇಸಿಗೆಯಲ್ಲಿ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿದವು. ಬೆಳ್ಳಿಯ ಲೇಪ ನಿಕ್ಕಲ್ಲಿಗಿಂತ ಹೆಚ್ಚು ಹೊಳೆಯುತ್ತದೆ, ಆದರೆ ಮೇಲೆ ವಾರ್ನಿಷ್ ಇಲ್ಲದಿದ್ದರೆ ಕಪ್ಪಾಗುತ್ತದೆ. ಬಿಳಿ ಅಥವಾ ತಿಳಿಹಸಿರು ಬಣ್ಣ ಬಳಿದವು ಬೊಡ್ಡೆಗಳಿಗೆ ತಾಗಿ ಅಂಚಿನಿಂದ ಚಕ್ಕೆ ಏಳುತ್ತವೆ. ಹೊಳಪನ್ನೇ ನಂಬಿರುವ ವಿಲೋಗೆ ಇದು ನಷ್ಟವೇ ಸರಿ. ಬಡಿತವನ್ನು ನಂಬಿರುವ ಕೊಲೊರಾಡೊ ಮಾತ್ರ ಮಂಕಾದ ಮೇಲೂ ಕೆಂಪುನೀರಿನಲ್ಲಿ ಮೊದಲಿನಷ್ಟೇ ಕೆಲಸ ಮಾಡುತ್ತದೆ, ಹಾಗಾಗಿ ಅದರ ಲೇಪಕ್ಕೆ ಹೆಚ್ಚು ಬೆಲೆ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ.