ಕ್ಯಾಂಪ್ಕೊ ಬಾರ್, ಮೆಲ್ಟೊ, ವಿನ್ನರ್: ಕೊಕ್ಕೊ ಬೆಳೆಯುವ ಮನೆಯಿಂದ ಒಂದು ವಿಮರ್ಶೆ

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಕಳೆದ ಸಲ ಊರಿಗೆ ಬಂದವಳು ಹೊರಡುವ ದಿನ, "ದೊಡ್ಡಮ್ಮ, ಆಫೀಸಿನವರಿಗೆ ಊರಿಂದ ಏನಾದ್ರೂ ತಗೊಂಡು ಹೋಗ್ಬೇಕು. ಹಪ್ಪಳ ಎಲ್ಲರೂ ತರ್ತಾರೆ, ಅದು ಬೇಡ" ಎಂದಳು. ನಾನು ಪುತ್ತೂರು ಪೇಟೆಗೆ ಹೋಗಿ ಹತ್ತು ಕ್ಯಾಂಪ್ಕೊ ಬಾರ್, ಒಂದು ದೊಡ್ಡ ಪ್ಯಾಕೆಟ್ ಮೆಲ್ಟೊ, ಒಂದು ವಿನ್ನರ್ ತಂದು ಅವಳ ಬ್ಯಾಗಿಗೆ ತುಂಬಿದೆ. "ಅಂಗಡಿಯಲ್ಲಿ ಇಷ್ಟೆಲ್ಲಾ ಚಾಕಲೇಟು ಇರುವಾಗ ಇದೇ ಯಾಕೆ?" ಅಂತ ಕೇಳಿದಳು. ರಾತ್ರಿ ಬಸ್ಸಿಗೆ ಹೊತ್ತಾಗಿತ್ತು. ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಅಡಿಕೆ ತೋಟ, ನಡುವೆ ಕೊಕ್ಕೊ ಇದೆ, ಚಾಕಲೇಟು ಮಾಡುವುದು ಅದರ ಬೀಜದಿಂದ. ಈ ಮೂರನ್ನೂ ಮಾಡುವುದು ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆ. ನಮ್ಮ ಮನೆಯವರು ಅದರ ಸದಸ್ಯರು, ಬೀಜ ಕೊಡುವುದೂ ಅಲ್ಲಿಗೇ. ಹಾಗಾಗಿ ನಾನು ದೂರ ನಿಂತು ರುಚಿ ನೋಡಿದವಳಲ್ಲ. ಅದನ್ನು ತಿಳಿದುಕೊಂಡೇ ಓದಿ.

ಮೊದಲು ರುಚಿ. ಕ್ಯಾಂಪ್ಕೊ ಬಾರ್ ಹಾಲಿನ ಚಾಕಲೇಟು. ಮುರಿದರೆ ಟಕ್ ಎಂದು ಸದ್ದು ಬರುತ್ತದೆ. ಬಾಯಿಗೆ ಹಾಕಿದ ಕೂಡಲೇ ಹಾಲು ಮತ್ತು ಸಕ್ಕರೆ ಗೊತ್ತಾಗುತ್ತದೆ, ಕೊಕ್ಕೊ ಆಮೇಲೆ ಬರುತ್ತದೆ. ಆದರೆ ಬಂದದ್ದು ಬೇಗ ಹೋಗುವುದಿಲ್ಲ. ನುಂಗಿದ ಮೇಲೂ ನಾಲಿಗೆಯ ಹಿಂಬದಿಯಲ್ಲಿ ಹುರಿದ ಘಮ ಇರುತ್ತದೆ. ಮಕ್ಕಳಿಗೆ, ಹಿರಿಯರಿಗೆ, ಊಟದ ನಂತರ ಒಂದು ತುಂಡು ಸಿಹಿ ಬೇಕು ಎನ್ನುವವರಿಗೆ ಇದು ಸರಿ. ಕಡು ಕಹಿ ಚಾಕಲೇಟು ಇಷ್ಟಪಡುವವರು ಬೇರೆ ನೋಡಬೇಕು, ಇದು ಆ ಜಾತಿಯದ್ದಲ್ಲ.

ಮೆಲ್ಟೊ ಎಕ್ಲೇರ್ಸ್ ಥರದ್ದು. ಹೊರಗೆ ಜಗಿಯುವ ಪದರ, ಒಳಗೆ ಚಾಕಲೇಟು. ನಮ್ಮ ಕಡೆ ಮನೆಗೆ ನೆಂಟರ ಮಕ್ಕಳು ಬಂದರೆ ಕೈಗೆ ಕೊಡುವುದು ಇದನ್ನೇ. ಒಂದು ಹಿಡಿ ಚೀಲದಲ್ಲಿ ಇಟ್ಟುಕೊಂಡರೆ ಸುಬ್ರಹ್ಮಣ್ಯಕ್ಕೆ ಹೋಗಿ ಬರುವಷ್ಟು ದಾರಿಗೆ ಸಾಕು.

ಮೂರರಲ್ಲಿ ನನಗೆ ಜಾಸ್ತಿ ಇಷ್ಟ ವಿನ್ನರ್. ಅದು ಹಾಲಿಗೆ ಹಾಕುವ ಪುಡಿ. ತುಂಬಾ ಜನ ಕುದಿಯುವ ಹಾಲಿಗೆ ಸುಮ್ನೆ ಸುರಿದು ಕಲಸುತ್ತಾರೆ, ಗಂಟು ಕಟ್ಟುತ್ತದೆ. ಹಾಗೆ ಮಾಡಬೇಡಿ. ಲೋಟಕ್ಕೆ ಎರಡು ಚಮಚ ಪುಡಿ ಹಾಕಿ, ಎರಡೇ ಚಮಚ ಬೆಚ್ಚಗಿನ ಹಾಲು ಬಿಟ್ಟು, ದೋಸೆ ಹಿಟ್ಟಿನ ಹದಕ್ಕೆ ನುಣ್ಣಗೆ ಕಲಸಿ. ಆಮೇಲೆ ಉಳಿದ ಬಿಸಿ ಹಾಲು ಹೊಯ್ಯಿರಿ. ಆಟಿ ತಿಂಗಳ ಮಳೆಯಲ್ಲಿ, ಸಂಜೆ ಕರೆಂಟು ಹೋದಾಗ, ಇದರ ಮುಂದೆ ನನಗೆ ಕಾಫಿ ಬೇಡ.

ಇಷ್ಟು ರುಚಿಯ ಮಾತು. ಆದರೆ ಅವಳು ಕೇಳಿದ್ದು "ಇದೇ ಯಾಕೆ" ಅಂತ ಅಲ್ವಾ? ಅದಕ್ಕೆ ತೋಟಕ್ಕೇ ಇಳಿಯಬೇಕು.

ಕೊಕ್ಕೊ ಕಾಯಿ ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಹಣ್ಣಾದಾಗ ಹಳದಿಯಾಗುತ್ತದೆ. ಅದನ್ನು ಕತ್ತಿಯಲ್ಲಿ ಸೀಳಬಾರದು, ಬೀಜಕ್ಕೆ ಗಾಯವಾಗುತ್ತದೆ. ಒಂದು ಮರದ ತುಂಡಿನಿಂದ ಹೊಡೆದರೆ ಎರಡು ಹೋಳಾಗುತ್ತದೆ. ಒಳಗೆ ಮೂವತ್ತು ನಲವತ್ತು ಬೀಜ, ಮೇಲೆ ಬಿಳಿ ತಿರುಳು. ಆ ತಿರುಳು ಚೀಪಿ ನೋಡಬೇಕು. ಹುಳಿ, ಸಿಹಿ, ಚೂರು ಸೀತಾಫಲದ ಹಾಗೆ, ಚೂರು ಅನಾನಸಿನ ಹಾಗೆ. ಚಾಕಲೇಟಿನ ಸುಳಿವೇ ಇಲ್ಲ. ಬೀಜ ಕಚ್ಚಿದರೆ ಒಳಗೆ ನೇರಳೆ ಬಣ್ಣ, ಬಾಯಿ ಮುದುಡುವಷ್ಟು ಕಹಿ ಒಗರು. ಆ ಬೀಜವನ್ನು ರಾಶಿ ಹಾಕಿ ಐದಾರು ದಿನ ಹುದುಗಿಸಬೇಕು. ಆಗ ರಾಶಿ ಒಳಗೊಳಗೇ ಬಿಸಿಯಾಗುತ್ತದೆ, ತಿರುಳು ಕರಗಿ ಹರಿದುಹೋಗುತ್ತದೆ, ನೇರಳೆ ಕಂದಾಗುತ್ತದೆ. ಆಮೇಲೆ ಬಿಸಿಲಲ್ಲಿ ಒಣಗಬೇಕು. ಚಾಕಲೇಟಿನ ರುಚಿ ಹುಟ್ಟುವುದು ಆ ಐದಾರು ದಿನದಲ್ಲಿ. ಫ್ಯಾಕ್ಟರಿಯಲ್ಲಿ ಹುರಿದಾಗ ಅದು ಹೊರಗೆ ಬರುತ್ತದೆ, ಅಷ್ಟೆ.

ಈಗ ಕಷ್ಟದ ಮಾತು. ಅಡಿಕೆಯನ್ನು ಒಣಗಿಸಿ, ಸಿಪ್ಪೆ ಸುಲಿದು ಚಾಲಿ ಮಾಡಿ, ಗೋಣಿಯಲ್ಲಿ ತುಂಬಿಟ್ಟು ಒಳ್ಳೆ ದರ ಬರುವವರೆಗೆ ಕಾಯಬಹುದು. ಹಸಿ ಕೊಕ್ಕೊ ಕಾಯುವುದಿಲ್ಲ. ಒಡೆದ ಮೇಲೆ ಬೇಗ ಕೊಡಬೇಕು. ಮನೆಯಲ್ಲೇ ಒಣಗಿಸೋಣ ಎಂದರೆ ಒಳ್ಳೆ ಫಸಲು ಮಳೆಯ ಹೊಸ್ತಿಲಲ್ಲೇ ಬರುತ್ತದೆ, ಬಿಸಿಲು ಇರುವುದಿಲ್ಲ. ಅಂದರೆ ಈ ಬೆಳೆಗೆ ದರ ಎಷ್ಟು ಮುಖ್ಯವೋ, ಕೊಳ್ಳುವವರ ಬಾಗಿಲು ತೆರೆದಿರುವುದು ಅಷ್ಟೇ ಮುಖ್ಯ.

ಇದನ್ನು ನನ್ನ ಮಾವ ಕಣ್ಣಾರೆ ಕಂಡವರು. 1970ರ ದಶಕದಲ್ಲಿ "ಕೊಕ್ಕೊ ಹಾಕಿ, ನಾವು ತಗೊಳ್ತೇವೆ" ಎಂಬ ಮಾತು ನಂಬಿ ಅಡಿಕೆ ಮರಗಳ ಮಧ್ಯೆ ಗಿಡ ನೆಟ್ಟರು. ದಶಕದ ಕೊನೆಗೆ ಹೊರದೇಶದಲ್ಲಿ ದರ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಒಡೆದ ಬೀಜ ಬುಟ್ಟಿಯಲ್ಲೇ ಉಳಿಯಿತು. ಮಾವ ಆ ಬೀಜವನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಎಳೆದರಂತೆ. ಅಕ್ಕಪಕ್ಕದವರು ಗಿಡಗಳನ್ನೇ ಕಡಿದರು. ಮಾವ ಅರ್ಧ ಕಡಿದು, ಕೈ ಬಾರದೆ ನಿಲ್ಲಿಸಿದರು.

ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. ಅದು ಹುಟ್ಟಿದ್ದು ಕೊಕ್ಕೊಗಾಗಿ ಅಲ್ಲ, ಅಡಿಕೆಗಾಗಿ. ಅಡಿಕೆ ದರ ಕುಸಿದು ಕೃಷಿಕರು ಕಂಗಾಲಾಗಿದ್ದಾಗ, ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಶುರುವಾದ ಸಹಕಾರಿ ಸಂಸ್ಥೆ ಇದು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಕಟ್ಟಿದ್ದು. ಕೊಕ್ಕೊ ಕೊಳ್ಳಲು ಶುರು ಮಾಡಿದ ಮೇಲೆ, ಕೊಂಡ ಬೀಜ ಏನು ಮಾಡುವುದು ಎಂಬ ಪ್ರಶ್ನೆ ಬಂತು. ಅದಕ್ಕೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಫ್ಯಾಕ್ಟರಿಯನ್ನೇ ಕಟ್ಟಿದರು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬಂದು ಉದ್ಘಾಟನೆ ಮಾಡಿದರು. ಅಡಿಕೆ ಬೆಳೆಗಾರರು ಸೇರಿ ಚಾಕಲೇಟು ಮಾಡುವುದು ಎಂದರೆ ಆಗ ಸಣ್ಣ ಮಾತಲ್ಲ. ನಮ್ಮಲ್ಲಿ ಎಷ್ಟೋ ಹಿರಿಯರು ಅಲ್ಲಿಯವರೆಗೆ ಚಾಕಲೇಟು ತಿಂದವರೇ ಅಲ್ಲ.

ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬರು ಅಕ್ಕ ಇದ್ದಾರೆ. ಆ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ತುಂಬಾ ವರ್ಷ ದುಡಿದವರು. ಸಂಜೆ ಮನೆಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡಿಬಂದು ಸೆರಗು ಮೂಸುತ್ತಿದ್ದರಂತೆ. ಎಷ್ಟು ಒಗೆದರೂ ಹೋಗದ ಪರಿಮಳ. ಚಾಕಲೇಟು ನೋಡುವುದನ್ನು ನಾನು ಕಲಿತದ್ದು ಅವರಿಂದ. "ತಿನ್ನುವ ಮೊದಲು ಕೇಳು" ಅನ್ನುತ್ತಾರೆ. ಬಾರನ್ನು ಕಿವಿ ಹತ್ತಿರ ಹಿಡಿದು ಮುರಿಯುತ್ತಾರೆ. ಟಕ್ ಎಂದರೆ ಹದ ಸರಿಯಾಗಿದೆ. ಸದ್ದಿಲ್ಲದೆ ಬಾಗಿದರೆ ಎಲ್ಲೋ ಬಿಸಿ ತಾಗಿ ಹದ ಕೆಟ್ಟಿದೆ. ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ನಮ್ಮ ಮೈ ಬಿಸಿ 37. ಅದಕ್ಕೇ ಬಾಯಲ್ಲಿ ಕರಗುತ್ತದೆ, ಕೈಯಲ್ಲಿ ಜಾಸ್ತಿ ಹೊತ್ತು ಹಿಡಿದರೂ ಕರಗುತ್ತದೆ. ಕರಗಿಸಿದ ಚಾಕಲೇಟನ್ನು ಹದವಾಗಿ ತಣಿಸಿ, ಮತ್ತೆ ಚೂರು ಬಿಸಿ ಮಾಡಿ ಅಚ್ಚಿಗೆ ಹೊಯ್ದರೆ ಮಾತ್ರ ಆ ಹೊಳಪು, ಆ ಸದ್ದು ಬರುವುದು. ಇದನ್ನೆಲ್ಲ ಅಕ್ಕ ಬೆಲ್ಲದ ಪಾಕದ ಹದ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. ಆ ಸಂಬಳದಲ್ಲಿ ಅವರು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ಹಿತ್ತಿಲಿಗೆ ಬಾವಿ ತೋಡಿಸಿದರು. ಆ ಬಾವಿಯ ನೀರಿನಲ್ಲೇ ಇವತ್ತು ಅವರ ನಲವತ್ತು ಅಡಿಕೆ ಗಿಡ ನಿಂತಿದೆ.

ದೊಡ್ಡ ದೊಡ್ಡ ಕಂಪನಿಗಳ ವರದಿಗಳಲ್ಲಿ ಸುಸ್ಥಿರ ಕೃಷಿ ಎಂಬ ಮಾತು, ಪಕ್ಕದಲ್ಲಿ ನಗುವ ಕೆಲಸಗಾರರ ಫೋಟೊ ನೋಡುತ್ತೇವೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನನಗೆ ಆ ಮಾತು ಅರ್ಥವಾಗುವುದು ತೋಟದಲ್ಲಿ. ಅಡಿಕೆ ಮರಗಳ ನಡುವೆ ಹೇಗೂ ಜಾಗ ಇರುತ್ತದೆ. ಅಲ್ಲಿ ನೆರಳು ಇದೆ, ಕೊಕ್ಕೊಗೆ ನೆರಳೇ ಬೇಕು. ಅಡಿಕೆಗೆ ಬಿಡುವ ನೀರು ಅದಕ್ಕೂ ಸಿಗುತ್ತದೆ. ಅಡಿಕೆ ದುಡ್ಡು ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಫಸಲಿನ ಕಾಲದಲ್ಲಿ ಕೊಕ್ಕೊ ಕೊಯ್ಲು ಹದಿನೈದು ದಿನಕ್ಕೊಮ್ಮೆ. ನಮ್ಮಲ್ಲಿ ಕಾಯಿ ಒಡೆಯುವ ಹೆಂಗಸರ ಸಂಬಳ ಆ ದುಡ್ಡಿನಿಂದಲೇ ಹೋಗುತ್ತದೆ, ಯಾರ ಹತ್ತಿರವೂ ಸಾಲ ಕೇಳುವ ಪ್ರಶ್ನೆ ಇಲ್ಲ.

ಗಿಡ ಉದುರಿಸುವ ಎಲೆಯಂತೂ ಒಂದು ಸಂಪತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತೋಟ ಚೆಂದ ಕಾಣಲಿ ಅಂತ ಎಲೆಯೆಲ್ಲ ಗುಡಿಸಿ ರಾಶಿ ಹಾಕಿದ್ದೆ. ಮಾವ ಏನೂ ಬೈಯಲಿಲ್ಲ. ರಾಶಿಯನ್ನು ಮತ್ತೆ ಬುಟ್ಟಿಯಲ್ಲಿ ತುಂಬಿ ಬುಡಗಳಿಗೆ ಹರಡಿದರು. ಕೊಕ್ಕೊ ಹೂವಿನ ಪರಾಗಸ್ಪರ್ಶ ಮಾಡುವುದು ಜೇನು ಅಲ್ಲ, ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ನೊಣಗಳು. ಅವು ಹುಟ್ಟುವುದೇ ಕೊಳೆಯುವ ಎಲೆ, ಕೊಳೆಯುವ ಕಾಯಿಸಿಪ್ಪೆಯ ಒದ್ದೆಯಲ್ಲಿ. ತೋಟ ಗುಡಿಸಿ ಸ್ವಚ್ಛ ಮಾಡಿದರೆ ಕಾಯಿಯೇ ಕಮ್ಮಿಯಾಗುತ್ತದೆ! ಇದು ಗೊತ್ತಾದ ಮೇಲೆ ನಾನು ಪೊರಕೆ ಅಂಗಳಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಕಷ್ಟ ಇಲ್ಲ ಅಂತ ಅಲ್ಲ. ಅಳಿಲು, ಇಲಿ, ಮಂಗ ಮೂವರಿಗೂ ಕೊಕ್ಕೊ ಬೇಕು. ಬೆಳಿಗ್ಗೆ ಹೋಗಿ ನೋಡಿದರೆ ಕಾಯಿಗೆ ದುಂಡಗೆ ತೂತು, ಒಳಗೆ ಖಾಲಿ. ಮಳೆ ಹಿಡಿದರೆ ಅಡಿಕೆಯ ಕೊಳೆರೋಗದ ಬಳಗದ್ದೇ ಒಂದು ರೋಗ ಬಂದು ಕಾಯಿ ಕಪ್ಪಾಗುತ್ತದೆ. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಬಿಡಬೇಕು, ವರ್ಷಕ್ಕೊಮ್ಮೆ ಗೆಲ್ಲು ಸವರಬೇಕು. ಸವರದೆ ಬಿಟ್ಟರೆ ತೋಟ ಕಾಡಾಗಿ ಅಡಿಕೆ ಕೊಯ್ಯಲು ಬರುವವರಿಗೆ ಓಡಾಡಲು ಆಗುವುದಿಲ್ಲ.

2024ರಲ್ಲಿ ಐವರಿ ಕೋಸ್ಟ್, ಘಾನಾ ಕಡೆ ಫಸಲು ಕೈಕೊಟ್ಟಿತು. ಪ್ರಪಂಚದ ಕೊಕ್ಕೊದಲ್ಲಿ ಸುಮಾರು ಅರ್ಧದಷ್ಟು ಬರುವುದು ಆ ಎರಡು ದೇಶಗಳಿಂದ. ಹೊರದೇಶದ ಪೇಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮಲ್ಲೂ ಹಸಿ ಬೀಜಕ್ಕೆ ಮಾವ ಕನಸಲ್ಲೂ ನೆನೆಸದ ದರ ಬಂತು. ಗಿಡ ಕಡಿದವರು ತಲೆ ಮೇಲೆ ಕೈ ಇಟ್ಟುಕೊಂಡರು, ನರ್ಸರಿಗಳಲ್ಲಿ ಗಿಡಕ್ಕೆ ಸಾಲು. ಮರುವರ್ಷ ದರ ಇಳಿಯಿತು. ನಮಗೆ ಅದರಿಂದ ಗಾಬರಿ ಆಗಲಿಲ್ಲ. ದರ ಏರಿದಾಗ ಯಾರು ಬೇಕಾದರೂ ಗೇಟಿನವರೆಗೆ ಬಂದು ಕೊಳ್ಳುತ್ತಾರೆ. ಇಳಿದ ವಾರದಲ್ಲಿ, ಮಳೆಯಲ್ಲಿ, ಹಸಿ ಬೀಜದ ಚೀಲ ಹೊತ್ತುಕೊಂಡು ಹೋದಾಗ ತೂಕ ಮಾಡಿ ತೆಗೆದುಕೊಳ್ಳುವವರು ಇದ್ದಾರಾ, ನಾನು ನೋಡುವುದು ಅದನ್ನು. ನಾವು ಕೊಡುವ ಕ್ಯಾಂಪ್ಕೊ ಶಾಖೆಯಲ್ಲಿ ಚೀಲ ಬಿಚ್ಚಿ, ಕೈಯನ್ನು ಮೊಣಕೈವರೆಗೆ ಬೀಜದೊಳಗೆ ಇಳಿಸಿ, ಸಿಪ್ಪೆ ಚೂರು ಸೇರಿದೆಯಾ, ಮೊಳಕೆ ಬಂದಿದೆಯಾ ನೋಡುತ್ತಾರೆ. ನೋಡಲಿ. ಹಾಗೆ ನೋಡಿದ್ದರಿಂದಲೇ ಬಾರ್ ಚೆನ್ನಾಗಿರುವುದು. ಅಡಿಕೆ ಬೆಳೆಗಾರರು ಸೇರಿ ಲಕ್ಷಕ್ಕೂ ಜಾಸ್ತಿ ಸದಸ್ಯರು ಇರುವ ಸಂಸ್ಥೆಯಲ್ಲಿ ನನ್ನ ಒಂದು ಚೀಲವೂ ಲೆಕ್ಕಕ್ಕೆ ಸಿಗುತ್ತದೆ ಎನ್ನುವುದು ನನಗೆ ದೊಡ್ಡದು.

ಹಾಗಾದರೆ ಒಂದೂ ಕೊರಗಿಲ್ಲವಾ? ಇದೆ, ಅದು ಎಲ್ಲ ಚಾಕಲೇಟುಗಳ ಬಗ್ಗೆ. ಯಾವ ಕಂಪನಿಯದ್ದೇ ಆಗಲಿ, ತಿಂದಾದ ಮೇಲೆ ಉಳಿಯುವ ಹೊಳೆಯುವ ಹೊದಿಕೆ ಮಣ್ಣಲ್ಲಿ ಕರಗುವುದಿಲ್ಲ. ಕಾಯಿಸಿಪ್ಪೆಯನ್ನು ಬುಡಕ್ಕೆ ಹಾಕಿ ಗೊಬ್ಬರ ಮಾಡುವ ನನಗೆ ಅದನ್ನು ಎಲ್ಲಿಡಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಇದಕ್ಕೊಂದು ದಾರಿ ಬೇಗ ಸಿಗಲಿ ಎಂದು ಮನಸಾರೆ ಬಯಸುತ್ತೇನೆ.

ಕೊನೆಗೆ ಕೊಳ್ಳುವವರಿಗೆ ಎರಡು ಮಾತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ತಂಗಿಯ ಮಗಳಿಗೆ ಬಿಳಿ ಪುಡಿ ಹಿಡಿದಂಥ ಬಾರ್ ಸಿಕ್ಕಿತ್ತು. ಅದು ಬೂಸ್ಟು ಎಂದು ಬಿಸಾಡಲು ಹೊರಟಿದ್ದಳು. ಬೂಸ್ಟು ಅಲ್ಲ. ಅಂಗಡಿಯವರು ಬಿಸಿಲು ಬೀಳುವ ಗಾಜಿನ ಹಿಂದೆ ಇಟ್ಟಿದ್ದರು, ಬೆಣ್ಣೆ ಕರಗಿ ಮೇಲೆ ಬಂದು ಮತ್ತೆ ಗಟ್ಟಿಯಾಗಿದೆ. ತಿಂದರೆ ಏನೂ ಆಗುವುದಿಲ್ಲ, ಸದ್ದು ಮತ್ತು ನುಣುಪು ಮಾತ್ರ ಹೋಗಿರುತ್ತದೆ. ಹಾಲಿಗೆ ಹಾಕಿ ಕರಗಿಸಿ ಕುಡಿ ಎಂದೆ. ಮನೆಯಲ್ಲಿ ನೆರಳಿನ ಕಪಾಟಿನಲ್ಲಿ, ಸಾಂಬಾರು ಪುಡಿ ಡಬ್ಬಿಯಿಂದ ದೂರ ಇಡಿ. ಚಾಕಲೇಟು ಪಕ್ಕದ ವಾಸನೆ ಎಳೆದುಕೊಳ್ಳುತ್ತದೆ.

ಅವಳ ಆಫೀಸಿನವರು ಇನ್ನೊಂದಿಷ್ಟು ಕೇಳಿದ್ದಾರಂತೆ. ಈಗ ಬೇಸಿಗೆ, ಬಸ್ಸಿನ ಡಿಕ್ಕಿ ಒಲೆಯ ಹಾಗೆ ಕಾಯುತ್ತದೆ. ಸದ್ಯಕ್ಕೆ ಮೆಲ್ಟೊ ಮತ್ತು ವಿನ್ನರ್ ಮಾತ್ರ ಕಳಿಸುತ್ತೇನೆ. ಬಾರ್ ಬೇಕಾದರೆ ಜೂನ್ ಮಳೆ ಹಿಡಿಯಲಿ.