ಅರ್ಕ ರಕ್ಷಕ್ ಟೊಮೆಟೊ ಬೀಜ: ಕುಂಡಕ್ಕೆ ಎರಡೇ ಸಾಕು

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಇದು. ಟೊಮೆಟೊ ಬೆಳೆಸುವುದು ನನಗೆ ಇದೇ ಮೊದಲು. ಮೊಳೆಯುತ್ತೋ ಇಲ್ವೋ ಅಂತ ಒಂದೇ ಕುಂಡಕ್ಕೆ ಹತ್ತು ಬೀಜ ಉದುರಿಸಿದೆ. ಆರನೇ ದಿನಕ್ಕೆ ಒಂಬತ್ತು ಎದ್ದವು! ಎರಡು ವಾರದಲ್ಲಿ ಬೆಳಕಿಗಾಗಿ ಕತ್ತು ಚಾಚಿ ಎಲ್ಲವೂ ಕಡ್ಡಿಯಂತಾದವು. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತೆ ಅಲ್ವಾ? ಅದಕ್ಕೇ ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಎಂಟನ್ನು ಬುಡದಲ್ಲೇ ಕತ್ತರಿಸಿದೆ. ಬೆರಳಿಗೆಲ್ಲ ಟೊಮೆಟೊ ಎಲೆಯ ಹಸಿ ವಾಸನೆ. ತುಂಬಾ ಸಂಕಟವಾಯಿತು.

ಉಳಿಸಿದ್ದು ದಪ್ಪ ಕಾಂಡದ ಒಂದನ್ನು. ಬುಡ ನೇರಳೆ, ಮೈತುಂಬ ಬಿಳಿ ರೋಮ. ವಾರದಲ್ಲೇ ಗಟ್ಟಿಯಾಗಿ ನಿಂತಿತು. ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ರೋಗ ಮೂರನ್ನೂ ತಡೆಯುವ ಹೈಬ್ರಿಡ್ ಇದು. ಸುಮ್ನೆ ಜಾಸ್ತಿ ಸುರಿಯಬೇಡಿ, ಪ್ರತಿ ಬೀಜವೂ ಮೊಳೆಯುತ್ತೆ ಅಂತ ನಂಬಿಯೇ ಹಾಕಿ.