ಗಟ್ಟಿಯಾಗಿ ನಿಂತ ರಿಗ್ ಮೋಷನ್‌ಗೆ ಸಿದ್ಧ ಅಂದುಕೊಳ್ಳಬೇಡಿ

ಕಾರ್ ರೇಸಿಂಗ್ ಆಟಕ್ಕೆ ಸೀಟು, ಸ್ಟೀರಿಂಗ್, ಪೆಡಲ್ ಕೂರಿಸಿದ ಚೌಕಟ್ಟೇ ರಿಗ್; ಆಟದ ಕಾರಿನಂತೆ ಅದನ್ನು ಅಲುಗಾಡಿಸುವುದೇ ಮೋಷನ್. 40×80 ಮಿ.ಮೀ. ಪ್ರೊಫೈಲಿನ (ಸ್ಲಾಟ್ ಇರುವ ಅಲ್ಯೂಮಿನಿಯಂ ಪಟ್ಟಿ) ತಳ, ಡೈರೆಕ್ಟ್ ಡ್ರೈವ್ ವೀಲ್‌ಬೇಸ್ (ಸ್ಟೀರಿಂಗನ್ನು ನೇರವಾಗಿ ತಿರುಗಿಸುವ ಮೋಟರ್), ಒತ್ತಡ ಅಳೆಯುವ ಲೋಡ್‌ಸೆಲ್ ಪೆಡಲ್, ನೆಲದ ಮೇಲೆ ಬೇರೆಯಾಗಿ ನಿಂತ ಮಾನಿಟರ್ ಸ್ಟ್ಯಾಂಡ್. ನಿಂತಲ್ಲಿ ಈ ರಿಗ್ ಕಲ್ಲಿನಂತಿತ್ತು. ನಾಲ್ಕು ಮೂಲೆಗೆ 100 ಮಿ.ಮೀ. ಸ್ಟ್ರೋಕಿನ, ಅಂದರೆ ಅಷ್ಟು ಏರಿಳಿಯುವ, ಆಕ್ಚುಯೇಟರ್ (ರಿಗ್ಗನ್ನು ಎತ್ತಿ ಇಳಿಸುವ ಮೋಟರ್ ಕಾಲು) ಕೂರಿಸಿದ ಮೇಲೆ ಮೊದಲು ವೀಲ್‌ಬೇಸ್ ರೇಸಿನ ನಡುವೆ ಯುಎಸ್‌ಬಿ ಸಂಪರ್ಕ ಕಳೆದುಕೊಳ್ಳತೊಡಗಿತು. ಆಮೇಲೆ ಪೆಡಲ್ ಪ್ಲೇಟಿನ ಬೋಲ್ಟ್‌ಗಳು ಸಡಿಲವಾದವು. ಕೊನೆಗೆ ವೀಲ್‌ಬೇಸಿನ ತಲೆ ಮಾನಿಟರಿನ ಕೆಳ ಅಂಚಿಗೆ ಗುದ್ದಿ ಪ್ಯಾನೆಲ್ ಸೀಳಿತು. ಆಕ್ಚುಯೇಟರಿನಲ್ಲಿ ದೋಷವೇನೂ ಇರಲಿಲ್ಲ, ತಯಾರಿಯೇ ಆಗಿರಲಿಲ್ಲ.

ಮಾನಿಟರ್ ಒಡೆದದ್ದು ಲೆಕ್ಕ ತಪ್ಪಿದ್ದಕ್ಕೆ. ಹೆಚ್ಚಿನ ಸಿಸ್ಟಂಗಳು ಆಫ್ ಆಗಿದ್ದಾಗ ಪೂರ್ತಿ ಕೆಳಗೆ ಕೂತಿರುತ್ತವೆ, ಆನ್ ಆದ ಕೂಡಲೇ ನಡುಮಟ್ಟಕ್ಕೆ, ಅಂದರೆ 50 ಮಿ.ಮೀ. ಮೇಲಕ್ಕೆ ಬರುತ್ತವೆ. ಕೆಳಗಿದ್ದಾಗ ಅಳೆದು ಮಾನಿಟರ್ ನಿಲ್ಲಿಸಿದರೆ ಆಟ ಶುರುವಾಗುವ ಮೊದಲೇ ಅಂತರದ ಬಹುಪಾಲು ಖರ್ಚಾಗಿರುತ್ತದೆ. ಓಲಾಟದ ಲೆಕ್ಕವನ್ನೂ ಹಾಕಿ. ಮುಂದಿನ-ಹಿಂದಿನ ಆಕ್ಚುಯೇಟರ್‌ಗಳ ನಡುವೆ 1200 ಮಿ.ಮೀ. ಇದ್ದರೆ ರಿಗ್ ಮುಂದಕ್ಕೂ ಹಿಂದಕ್ಕೂ ಸುಮಾರು 4.8 ಡಿಗ್ರಿ ಬಾಗಬಲ್ಲದು, 700 ಮಿ.ಮೀ. ಎತ್ತರದ ವೀಲ್ ಆಗ ಎರಡೂ ಕಡೆ ಸುಮಾರು 60 ಮಿ.ಮೀ. ಸರಿಯುತ್ತದೆ. ಅಡ್ಡಕ್ಕೆ ಅಂತರ 600 ಮಿ.ಮೀ. ಮಾತ್ರವಾದರೆ ಕೋನ 9.5 ಡಿಗ್ರಿ, 1100 ಮಿ.ಮೀ. ಎತ್ತರದ ಸೀಟಿನ ತಲೆ ಒಂದೊಂದು ಕಡೆಗೆ 180 ಮಿ.ಮೀ. ವಾಲುತ್ತದೆ. ಗೋಡೆ, ಕಪಾಟು, ಮಾನಿಟರ್ ಎಲ್ಲಕ್ಕೂ ಈ ಅಳತೆಯ ಮೇಲೆ ಇನ್ನೂ 50 ಮಿ.ಮೀ. ಬಿಡಿ. ಸಾಫ್ಟ್‌ವೇರಿನಲ್ಲಿ ಚಲನೆ ಕಡಿಮೆ ಇಟ್ಟಿದ್ದೇವೆ ಎಂಬ ಧೈರ್ಯ ಬೇಡ, ಅದರ ಸೆಟ್ಟಿಂಗ್ ಬದಲಾದ ದಿನ ಅದು ಕೈಕೊಡುತ್ತದೆ.

ಇನ್ನು ಫ್ರೇಮ್. ನಿಂತ ರಿಗ್‌ಗೆ ನೆಲವೇ ಆಸರೆ. ಆಕ್ಚುಯೇಟರ್ ಮೇಲೆ ಕೂತರೆ ಆಸರೆ ನಾಲ್ಕೇ ಬಿಂದು, ಅದರಲ್ಲೂ ಒಂದು ಮೇಲೆದ್ದಾಗ ಇಡೀ ತಳ ತಿರುಚಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಖಾಲಿ ರಿಗ್‌ನ ಒಂದು ಮೂಲೆಯ ಕೆಳಗೆ 20 ಮಿ.ಮೀ. ಮರದ ತುಂಡು ಇಡಿ. ಪಕ್ಕದ ಮೂಲೆಯೊಂದು ನೆಲ ಬಿಟ್ಟು ರಿಗ್ ಕುಂಟಿದರೆ ಫ್ರೇಮ್ ಚೆನ್ನಾಗಿದೆ. ಉಳಿದ ಮೂರೂ ನೆಲಕ್ಕೆ ಅಂಟಿಕೊಂಡಿದ್ದರೆ ಅದು ತಿರುಚಿದೆ ಎಂದರ್ಥ. ತಳದ 40×80 ಅನ್ನು ಮಲಗಿಸಿ ಜೋಡಿಸಿದ್ದರೆ ನೆಟ್ಟಗೆ ನಿಲ್ಲಿಸಿ, ಬಾಗುವಿಕೆ ತಡೆಯುವ ಶಕ್ತಿ ಅದರಿಂದಲೇ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಸಾಧ್ಯವಿದ್ದರೆ 40×120 ಅಥವಾ 40×160ಕ್ಕೆ ಹೋಗಿ. ಅಡ್ಡಪಟ್ಟಿ ಕನಿಷ್ಠ ಮೂರು ಇರಲಿ, ಪ್ರತಿ ಕೂಡಿಕೆಗೂ ಎರಡೂ ಬದಿ ಬ್ರಾಕೆಟ್ ಹಾಕಿ.

ಮೇಲಿನಿಂದ ಹಾಕಿ ತಿರುಗಿಸುವ ಸುತ್ತಿಗೆ ತಲೆಯ ನಟ್ ಕಂಪನದಲ್ಲಿ ಸ್ಲಾಟಿನೊಳಗೆ ತಿರುಗಿ ಬಿಟ್ಟುಕೊಳ್ಳುತ್ತದೆ. ಭಾರ ಹೊರುವ ಕಡೆಯೆಲ್ಲ ಪ್ರೊಫೈಲಿನ ತುದಿಯಿಂದ ತೂರಿಸುವ ಉಕ್ಕಿನ ಟಿ-ನಟ್ ಬಳಸಿ. 8.8 ದರ್ಜೆಯ ಎಂ8 ಬೋಲ್ಟಿಗೆ ಟಾರ್ಕ್ ರೆಂಚಿನಲ್ಲಿ 20ರಿಂದ 25 ನ್ಯೂಟನ್ ಮೀಟರ್. ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಪೇಂಟ್ ಗೆರೆ ಎಳೆದಿಟ್ಟರೆ ಯಾವುದು ತಿರುಗಿದೆ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ.

ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಿ ಆಕ್ಚುಯೇಟರ್ ಆರಿಸುವುದು ಇನ್ನೊಂದು ತಪ್ಪು. ಚಾಲಕ ಕೂತಾಗ ಹಿಂದಿನ ಎರಡರ ಮೇಲೇ ಹೆಚ್ಚು ಭಾರ. ಒಂದು ಮೂಲೆಗೆ ತೂಕದ ಯಂತ್ರ, ಉಳಿದ ಮೂರಕ್ಕೆ ಅಷ್ಟೇ ಎತ್ತರದ ತುಂಡು ಇಟ್ಟು ಒಂದೊಂದಾಗಿ ಅಳೆಯಿರಿ.

ವೀಲ್‌ಬೇಸಿನ ಸಂಪರ್ಕ ಕಡಿದುಹೋಗಿದ್ದಕ್ಕೆ ಎರಡು ಕಾರಣ ಸೇರಿಕೊಂಡಿದ್ದವು. ಕೇಬಲ್‌ಗೆ ಸಡಿಲ ಸಾಕಾಗದೆ ಪ್ಲಗ್ ಜಗ್ಗುತ್ತಿತ್ತು. ಜೊತೆಗೆ ಆಕ್ಚುಯೇಟರಿನ ಸರ್ವೋ ಮೋಟರಿನ ತಂತಿಯನ್ನೂ ಯುಎಸ್‌ಬಿಯನ್ನೂ ಒಂದೇ ಕಟ್ಟಿಗೆ ಸೇರಿಸಿ ಬಿಗಿದಿದ್ದರು. ಎರಡನ್ನೂ ಕನಿಷ್ಠ 150 ಮಿ.ಮೀ. ದೂರವಿಡಿ, ದಾಟಲೇಬೇಕಿದ್ದರೆ ಅಡ್ಡಡ್ಡ ದಾಟಿಸಿ. ರಿಗ್‌ನಿಂದ ನೆಲಕ್ಕೆ ಇಳಿಯುವಲ್ಲಿ 300 ಮಿ.ಮೀ.ನಷ್ಟು ಸಡಿಲ ಸುರುಳಿ ಬಿಟ್ಟು, ಪ್ಲಗ್ಗಿನ ಹತ್ತಿರವೇ ಕೇಬಲನ್ನು ಫ್ರೇಮಿಗೆ ಕಟ್ಟಿ. ಸ್ವಂತ ಅಡಾಪ್ಟರ್ ಇರುವ ಹಬ್ ರಿಗ್ ಮೇಲಿರಲಿ, ವೀಲ್‌ಬೇಸ್ ಮಾತ್ರ ನೇರ ಕಂಪ್ಯೂಟರಿಗೆ ಹೋಗಲಿ. ವಿಂಡೋಸಿನಲ್ಲಿ ಯುಎಸ್‌ಬಿ ವಿದ್ಯುತ್ ಉಳಿಸುವ ಆಯ್ಕೆಯನ್ನು ಆಫ್ ಮಾಡಿ.

ಬಹಳ ಜನ ನೋಡದೇ ಬಿಡುವುದು ಅರ್ತಿಂಗ್. ಪ್ರೊಫೈಲಿನ ಆನೊಡೈಸ್ ಪದರದಲ್ಲಿ ವಿದ್ಯುತ್ ಹರಿಯುವುದಿಲ್ಲ. ತಂತಿ ಬಿಗಿದಿದ್ದೇವೆ ಎಂದ ಮಾತ್ರಕ್ಕೆ ಅರ್ತ್ ಆಗಿರುವುದಿಲ್ಲ. ಬೋಲ್ಟ್ ಕೂರುವ ಜಾಗವನ್ನು ಕೆರೆದು, ಹಲ್ಲಿರುವ ವಾಷರ್ ಹಾಕಿ. ಪ್ಲಗ್ ಕಿತ್ತಿಟ್ಟು, ಮಲ್ಟಿಮೀಟರಿನಲ್ಲಿ ಅದರ ಅರ್ತ್ ಪಿನ್ನಿಗೂ ಸೀಟಿನ ಬೋಲ್ಟಿಗೂ ನಡುವೆ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ತೋರಿಸದಿದ್ದರೆ ಸರ್ವೋ ಡ್ರೈವ್ (ಆ ಮೋಟರ್‌ಗಳನ್ನು ನಡೆಸುವ ಪೆಟ್ಟಿಗೆ) ಆನ್ ಮಾಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ತುರ್ತು ಬಟನ್ ಕೂತಲ್ಲಿಂದ ಕೈಗೆಟುಕಬೇಕು. ಅದರ ಸಂಪರ್ಕ ಸದಾ ಮುಚ್ಚಿರುವ ಬಗೆಯದಾಗಿರಲಿ, ತಂತಿ ತುಂಡಾದರೂ ಯಂತ್ರ ನಿಲ್ಲುತ್ತದೆ. ಆದರೆ ತನ್ನದೇ ಬ್ರೇಕ್ ಇಲ್ಲದ ಬಾಲ್‌ಸ್ಕ್ರೂ (ಗುಂಡುಗಳ ಮೇಲೆ ಸುಲಭವಾಗಿ ತಿರುಗುವ ಸ್ಕ್ರೂ) ಆಕ್ಚುಯೇಟರ್ ವಿದ್ಯುತ್ ಹೋದೊಡನೆ ಭಾರಕ್ಕೆ ಕುಸಿಯುತ್ತದೆ. ರಿಗ್ ಕೆಳಗೆ ಮಗುವಿನ ಕೈಯೋ ಬೆಕ್ಕೋ ಇದ್ದರೆ ಬಟನ್ ಒತ್ತುವುದೇ ಅಪಾಯ. ಓಡುವಾಗ ಕೋಣೆಯ ಬಾಗಿಲು ಮುಚ್ಚಿರಲಿ.

ಮೊದಲ ಓಟ ಖಾಲಿ ಸೀಟಿನಲ್ಲಿ, ಶೇ. 10ರ ತೀವ್ರತೆಯಲ್ಲಿ. ಬ್ರೇಕ್ ಸಂಕೇತ ಕೊಟ್ಟಾಗ ಮುಂಭಾಗದ ಎರಡೂ ಆಕ್ಚುಯೇಟರ್ ಒಟ್ಟಿಗೆ ಇಳಿಯಬೇಕು. ಬಲ ಮುಂದಿನದೂ ಬಲ ಹಿಂದಿನದೂ ಅದಲುಬದಲಾಗಿದ್ದರೆ ಬಾಗುವ ಬದಲು ಕರ್ಣದ ಎರಡು ಮೂಲೆ ಏಳುತ್ತವೆ, ಉಳಿದೆರಡು ಇಳಿಯುತ್ತವೆ, ಫ್ರೇಮ್ ಹಿಂಡಿದಂತಾಗುತ್ತದೆ. ಅಲ್ಲೇ ನಿಲ್ಲಿಸಿ, ಕಂಟ್ರೋಲರಿನಲ್ಲಿ ಕ್ರಮ ಸರಿಪಡಿಸಿ, ಮತ್ತೆ ಖಾಲಿ ಸೀಟಿನಲ್ಲೇ ನೋಡಿ. ಜನ ಕೂತು ಒಂದು ಗಂಟೆ ಓಡಿದ ಮೇಲೆ ಪೇಂಟ್ ಗೆರೆಗಳನ್ನೆಲ್ಲ ಟಾರ್ಚ್ ಹಿಡಿದು ಒಮ್ಮೆ, ಹತ್ತು ಗಂಟೆಯಾದ ಮೇಲೆ ಇನ್ನೊಮ್ಮೆ ನೋಡಿ.